ವಿಯು3 ಕಾಲ್‌ಸೈನ್ ಬಂದ ಮೇಲೆ ಮೌನ ಯಾಕೆ? ದಾವಣಗೆರೆ–ಚಿತ್ರದುರ್ಗದ ಹ್ಯಾಮ್‌ಗಳಿಗೊಂದು ಪ್ರಶ್ನೆ

ಗಾಜಿನಮನೆ ಆಂಟೆನಾ | ಭಾನುವಾರ, ಬೆಳಿಗ್ಗೆ 7:40
ಇಷ್ಟೊಂದು ಇಂಜಿನಿಯರಿಂಗ್ ಕಾಲೇಜುಗಳಿರುವ ಊರು ನಮ್ಮದು, ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೆಯುವ ಆಸಕ್ತರಿಗೆ ಬರ ಇರಬಾರದು. ಆದರೆ ಕಾಲ್‌ಸೈನ್ (ಪರವಾನಗಿ ಜೊತೆ ಸಿಗುವ ಗುರುತಿನ ಸಂಕೇತ, ಹೊಸಬರದು ವಿಯು3 ಅಂತ ಶುರುವಾಗುತ್ತದೆ) ಕೈಗೆ ಬಂದ ಮೇಲೆ ಹೊಸಬರ ದನಿ ಗಾಳಿಯಲ್ಲಿ ಕೇಳುವುದು ಕಡಿಮೆ. "ಹಳಬರು ಮಾತಾಡಿಸಲ್ಲ" ಅಂತ ಇವರ ದೂರು. "ಈಗಿನವರಿಗೆ ತಾಳ್ಮೆ ಇಲ್ಲ" ಅಂತ ಅವರ ದೂರು.

ನನ್ನ ವಾದ ಬೇರೆ. ಕೂಗಿದ್ದಕ್ಕೆ ಉತ್ತರ ಬಾರದಿದ್ದರೆ ಹೊಸಬರು ಅದನ್ನು ತಿರಸ್ಕಾರ ಅಂದುಕೊಳ್ಳುತ್ತಾರೆ. ಬಹಳ ಸಲ ಅದು ಬರೀ ಕೇಬಲ್ ನಷ್ಟ. ಆರ್‌ಜಿ-58 ಕೇಬಲ್ 20 ಮೀಟರ್ ಎಳೆದರೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 4 ಡೆಸಿಬೆಲ್ ಹೋಗುತ್ತದೆ. ರೇಡಿಯೋ 5 ವ್ಯಾಟ್ ಕೊಟ್ಟರೆ ಆಂಟೆನಾಗೆ ಮುಟ್ಟುವುದು 2 ವ್ಯಾಟ್. ಇದನ್ನು ಗೊತ್ತಿದ್ದೂ ಹೇಳಿಕೊಡದೆ ಇರುವುದು ಹಳಬರ ತಪ್ಪು. ಸ್ವಾಗತ ಅಂದರೆ ಹಾರ ಹಾಕುವುದಲ್ಲ, ಆ 4 ಡೆಸಿಬೆಲ್ ಎಲ್ಲಿ ಹೋಯಿತು ಅಂತ ಜೊತೆಗೆ ನಿಂತು ಹುಡುಕುವುದು.

ಹೊಸಬರು ಎಲ್ಲೆಲ್ಲಿ ಎಡವುತ್ತಾರೆ, ಏನು ಮಾಡಿದರೆ ಸರಿಹೋಗುತ್ತದೆ, ಒಬ್ಬೊಬ್ಬರಾಗಿ ಬರೆಯಿರಿ. ಕಥೆ ಬೇಡ, ಅಳತೆ ಬೇಕು.

ಜೋಗಿಮಟ್ಟಿ ಗಾಳಿ | ಭಾನುವಾರ, ಬೆಳಿಗ್ಗೆ 8:15
ಮೊದಲು ದೂರದ ಲೆಕ್ಕ. ಪೆಟ್ಟಿಗೆ ಬಿಚ್ಚಿದ ದಿನವೇ ಹೊಸಬರು ದಾವಣಗೆರೆಯಿಂದ ಕೈರೇಡಿಯೋದಲ್ಲಿ ದುರ್ಗ ಹಿಡಿಯಲು ನೋಡುತ್ತಾರೆ. ಎರಡು ಊರಿನ ನಡುವೆ ನೇರ ಗೆರೆ ಎಳೆದರೆ 55 ಕಿ.ಮೀ. ಮೇಲಿದೆ. ವಿಎಚ್‌ಎಫ್‌ಗೆ (145 ಮೆಗಾಹರ್ಟ್ಸ್ ಥರದ ಫ್ರೀಕ್ವೆನ್ಸಿಗೆ) ರೇಡಿಯೋ ದಿಗಂತದ, ಅಂದರೆ ಸಿಗ್ನಲ್ ಮುಟ್ಟುವ ದೂರದ ಅಂದಾಜು ಹೀಗೆ: ಎರಡೂ ಆಂಟೆನಾಗಳ ಎತ್ತರ ಮೀಟರ್‌ನಲ್ಲಿ ಬರೆದು, ವರ್ಗಮೂಲ ತೆಗೆದು ಕೂಡಿಸಿ 4.12ರಿಂದ ಗುಣಿಸಿ. ಎರಡೂ ಕಡೆ 10 ಮೀಟರ್ ಎತ್ತರದ ಮಾಳಿಗೆ ಆಂಟೆನಾ ಇದ್ದರೆ 26 ಕಿ.ಮೀ. ಹಾಗಾಗಿ ದಾವಣಗೆರೆ–ಹರಿಹರ ಸಲೀಸು, ದಾವಣಗೆರೆ–ದುರ್ಗ ಆಗದ ಮಾತು. ಒಂದು ಕಡೆ ಬಯಲಿಗಿಂತ 300 ಮೀಟರ್ ಎತ್ತರದ ಗುಡ್ಡ ಇದೆ ಅಂತಿಟ್ಟುಕೊಂಡರೆ ಅದೇ ಲೆಕ್ಕ 84 ಕಿ.ಮೀ.ಗೆ ಏರುತ್ತದೆ. ರಿಪೀಟರ್‌ಗಳನ್ನು (ಬಂದ ಸಿಗ್ನಲ್ಲನ್ನು ಮತ್ತೆ ಪ್ರಸಾರ ಮಾಡುವ ಪೆಟ್ಟಿಗೆಗಳನ್ನು) ಬೆಟ್ಟದ ಮೇಲೆ ಕೂರಿಸುವುದು ಇದಕ್ಕೇ.

ಹಾಗಂತ ದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟಕ್ಕೆ ರೇಡಿಯೋ ಹಿಡಿದು ಓಡಬೇಡಿ. ಅದು ವನ್ಯಧಾಮ, ಅರಣ್ಯ ಇಲಾಖೆಯ ಸಮಯ, ನಿಯಮ ಕೇಳಿಕೊಂಡು ಹೋಗಿ.

ಮಾಳಿಗೆ ಮೇಲಿನ ಮೊದಲ ಆಂಟೆನಾಗೆ ಗ್ರೌಂಡ್‌ಪ್ಲೇನ್ ಸಾಕು. ಎಸ್‌ಒ-239 ಚಾಸಿಸ್ ಕನೆಕ್ಟರ್ ಒಂದು, 2.5 ಸ್ಕ್ವೇರ್ ಎಂಎಂ ತಾಮ್ರದ ತಂತಿ ಎರಡೂವರೆ ಮೀಟರ್‌ಗಿಂತ ತುಸು ಹೆಚ್ಚು, 3 ಎಂಎಂ ಬೋಲ್ಟು-ನಟ್ಟು ನಾಲ್ಕು ಜೊತೆ. ನಡುವಿನ ಪಿನ್‌ಗೆ 49 ಸೆಂ.ಮೀ. ತಂತಿ ನೆಟ್ಟಗೆ ಬೆಸುಗೆ ಹಾಕಿ. ನಾಲ್ಕು ಮೂಲೆಗೆ 51 ಸೆಂ.ಮೀ.ನ ನಾಲ್ಕು ತಂತಿ ಬಿಗಿದು 45 ಡಿಗ್ರಿ ಕೆಳಕ್ಕೆ ಬಗ್ಗಿಸಿ. ಅಡ್ಡಕ್ಕೇ ಬಿಟ್ಟರೆ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) 35 ಓಮ್ ಆಸುಪಾಸು ಇರುತ್ತದೆ, ಬಗ್ಗಿಸಿದಂತೆ ಕೇಬಲ್ಲಿಗೆ ಹೊಂದುವ 50ಕ್ಕೆ ಹತ್ತಿರ ಬರುತ್ತದೆ. ಸುಮಾರು ಜನ ತಪ್ಪುವುದು ಕನೆಕ್ಟರ್‌ನಲ್ಲಿ. ಕೆಳಗಿನ ಜೋಡಣೆಗೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ (ತನಗೆ ತಾನೇ ಬೆಸೆದುಕೊಳ್ಳುವ ಟೇಪ್) ಸುತ್ತದೆ ಬಿಟ್ಟರೆ ಮೊದಲ ಮಳೆಗೇ ನೀರು ಕೇಬಲ್ ಜಾಲರಿಯೊಳಗೆ ಇಳಿಯುತ್ತದೆ. ಆಮೇಲೆ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ವಾಪಸ್ ಬರುವ ಶಕ್ತಿಯ ಅಳತೆ) ಚೆನ್ನಾಗಿಯೇ ತೋರಿಸುತ್ತದೆ, ಸಿಗ್ನಲ್ ಮಾತ್ರ ಹೋಗಲ್ಲ. ನೆಂದ ಕೇಬಲ್ ಹೋಗುವ ಶಕ್ತಿಯನ್ನೂ ವಾಪಸ್ ಬರುವುದನ್ನೂ ಎರಡನ್ನೂ ನುಂಗಿಬಿಡುತ್ತದೆ, ಮೀಟರ್ ಮೋಸ ಹೋಗುತ್ತದೆ.

ಖಾರಮಂಡಕ್ಕಿ73 | ಭಾನುವಾರ, ಬೆಳಿಗ್ಗೆ 9:02
ಆಂಟೆನಾ ಆಮೇಲೆ ನೋಡೋಣ್ರಿ. ಮೊದ್ಲು ಕೈಯಾಗಿನ ರೇಡಿಯೋದ ಮೆನು ನೋಡ್ರಿ. ಚೀನಾ ಹ್ಯಾಂಡ್‌ಸೆಟ್ ತಗಂಡೋರ ಗೋಳು ಮುಕ್ಕಾಲು ಪಾಲು ಅಲ್ಲೇ ಐತಿ.

ಒಂದು, ಡ್ಯುಯಲ್ ವಾಚ್, ಅಂದ್ರ ಎರಡು ಫ್ರೀಕ್ವೆನ್ಸಿ ಒಟ್ಟಿಗೆ ಕೇಳೋದು. ಮೇಲಿನ ಸಾಲಿನಾಗ ನೆಟ್ (ಎಲ್ಲಾರೂ ಒಂದೇ ಫ್ರೀಕ್ವೆನ್ಸಿಯಾಗ ಸೇರೋ ಮಾತುಕೂಟ), ಕೆಳಗಿನ ಸಾಲಿನಾಗ ಮತ್ತೇನೋ ಇರ್ತೈತಿ. ಕೆಳಗೆ ಸಿಗ್ನಲ್ ಬಂದಾಗ ಪಿಟಿಟಿ (ಮಾತಾಡೋ ಗುಂಡಿ) ಒತ್ತಿದ್ರೆ ರೇಡಿಯೋ ಕೆಳಗಿನದ್ರಾಗ ಮಾತಾಡ್ತೈತಿ. ನೀವು ನೆಟ್‌ನಾಗ ಕೂಗೀನಿ ಅಂದ್ಕಂಡಿರ್ತೀರಿ. ಆರಿಸಿಬಿಡ್ರಿ ಅದನ್ನ.

ಎರಡು, ನ್ಯಾರೋ-ವೈಡ್. ಎಲ್ಲರೂ 5 ಕಿಲೋಹರ್ಟ್ಸ್ ಡೀವಿಯೇಷನ್ನಿನಾಗ (ಮಾತಿಗೆ ತಕ್ಕಂಗ ಫ್ರೀಕ್ವೆನ್ಸಿ ಅತ್ತಿತ್ತ ಸರಿಯೋ ಅಳತೆ) ಮಾತಾಡೋವಾಗ ನೀವು ನ್ಯಾರೋ ಇಟ್ರೆ ನಿಮ್ಮದು 2.5. ಕ್ಯಾರಿಯರ್ (ಮಾತು ಹೊರೋ ಅಲೆ) ಫುಲ್ ಬರ್ತೈತಿ, ಮಾತು ಮಾತ್ರ ಬಾವಿ ಒಳಗಿಂದ ಬಂದಂಗೆ ಇರ್ತೈತಿ. ಆ ಕಡೆಯೋರು "ಕೇಳ್ಸಂಗಿಲ್ಲ" ಅಂತ ಬಿಟ್ಟು ಮುಂದಕ್ಕ ಹೋಗ್ತಾರ.

ಮೂರು, ಟೋನ್. ರಿಪೀಟರ್‌ಗೆ ಸಿಟಿಸಿಎಸ್‌ಎಸ್ (ಅದನ್ನ ತೆರೆಯೋ ಸಣ್ಣ ಸ್ವರ) ಬೇಕಿದ್ರೆ ಕಳ್ಸೋ ಕಡೆ ಮಾತ್ರ ಹಾಕ್ರಿ. ಕೇಳೋ ಕಡೆಗೂ ಹಾಕಿ, ರಿಪೀಟರ್ ವಾಪಸ್ ಟೋನ್ ಕೊಡ್ಲಿಲ್ಲ ಅಂದ್ರ ನಿಮ್ಮ ಸೆಟ್ಟು ಕಿವುಡ. ಆಫ್‌ಸೆಟ್ (ಕೇಳೋ, ಕಳ್ಸೋ ಫ್ರೀಕ್ವೆನ್ಸಿ ನಡುವಿನ ಅಂತರ) 2 ಮೀಟರ್ ಬ್ಯಾಂಡಿನಾಗ (145 ಮೆಗಾಹರ್ಟ್ಸ್ ಕಡೆ) ಸಾಮಾನ್ಯಕ್ಕ ಮೈನಸ್ 600 ಕಿಲೋಹರ್ಟ್ಸ್. ಬರೀ 600 ಅಂತ ತುಂಬಿ ಮೈನಸ್ ಗುರುತು ಹಾಕೋದು ಮರೆಯೋರು ಭಾಳ.

ನಾಲ್ಕು, ಮಾತು ಮುಗಿದ ಮೇಲೆ ಕುಯ್ಯ್ ಅನ್ನೋ ರೋಜರ್ ಬೀಪ್. ಬಂದ್ ಮಾಡ್ರಿ, ಎಲ್ಲಾರೂ ನಿಮ್ಮ ಮ್ಯಾಗ ಸಿಟ್ಟಾಗ್ತಾರ. ಪಿಟಿಟಿ ಒತ್ತಿ ಒಂದು ಸೆಕೆಂಡ್ ಬಿಟ್ಟು ಬಾಯಿ ತೆಗೀರಿ. ಇಲ್ಲಾಂದ್ರ ಕಾಲ್‌ಸೈನಿನ ವಿ ಅಕ್ಷರ ಹೇಳೋ "ವಿಕ್ಟರ್" ನುಂಗಿ ಹೋಗಿ "ಯೂನಿಫಾರ್ಮ್ ತ್ರೀ" ಅಷ್ಟೇ ಕೇಳ್ತೈತಿ.

ಹೊಸ ಕಿವಿ | ಭಾನುವಾರ, ಬೆಳಿಗ್ಗೆ 10:20
ಎರಡು ಪ್ರಶ್ನೆ ಸಾರ್. ಪರೀಕ್ಷೆ ಮುಗಿದು ಪರವಾನಗಿಗೆ ಕಾಯುತ್ತಿರುವವರು ಅಷ್ಟರಲ್ಲಿ ಏನು ಮಾಡಬಹುದು? 30×40 ಸೈಟಿನ ಮನೆಯಲ್ಲಿ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್) ಡೈಪೋಲ್, ಅಂದರೆ ಎರಡು ಕೈಯ ತಂತಿ ಆಂಟೆನಾ ಹಿಡಿಸುತ್ತಾ?

ಗಾಜಿನಮನೆ ಆಂಟೆನಾ | ಭಾನುವಾರ, ಬೆಳಿಗ್ಗೆ 10:55
ಜನ ಕೈಬಿಟ್ಟು ಹೋಗುವುದೇ ಆ ನಡುವಿನ ಅವಧಿಯಲ್ಲಿ. ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ತಾಣದಲ್ಲಿ ಅರ್ಜಿ ಹಾಕಿ, ಬೆಂಗಳೂರಿನ ಮಾನಿಟರಿಂಗ್ ಸ್ಟೇಷನ್ನಿನಲ್ಲಿ ಪರೀಕ್ಷೆ ಬರೆದು, ಆಮೇಲೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಹುರುಪು ಅಷ್ಟೊತ್ತಿಗೆ ಆರಿರುತ್ತದೆ. ಹಳಬರು ಹೊಸಬರ ಕೈ ಹಿಡಿಯಬೇಕಾದ್ದು ಆಗಲೇ, ಕಾಲ್‌ಸೈನ್ ಬಂದ ಮೇಲೆ ಅಭಿನಂದನೆ ಹೇಳುವುದಕ್ಕಲ್ಲ.

ಪರವಾನಗಿ ಬರುವ ತನಕ ಪಿಟಿಟಿ ಒತ್ತುವಂತಿಲ್ಲ, "ಒಂದೇ ಸಲ ಟೆಸ್ಟ್" ಅನ್ನುವುದೂ ಇಲ್ಲ. 446 ಮೆಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ವಾಕಿಟಾಕಿ ಬೇರೆ, ಹ್ಯಾಮ್ ಸೆಟ್ ಬೇರೆ. ಆನ್‌ಲೈನ್ ಅಂಗಡಿಯಲ್ಲಿ ಎರಡನ್ನೂ ಒಂದೇ ಸಾಲಲ್ಲಿ ಇಟ್ಟು ಮಾರಿದ್ದಾರೆ. ಆ ಮಾರಾಟದ ಮೇಲೆ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿಯನ್ನೇ ತರಬೇಕಾಯಿತು.

ಕೇಳುವ ಅಭ್ಯಾಸಕ್ಕೆ ಇಂಟರ್ನೆಟ್‌ನಲ್ಲಿ ವೆಬ್‌ಎಸ್‌ಡಿಆರ್ (ಬ್ರೌಸರ್‌ನಲ್ಲೇ ತಿರುಗಿಸಿ ಕೇಳುವ) ರಿಸೀವರ್‌ಗಳಿವೆ. ಬೆಳಗಿನ ಹೊತ್ತು 7.0ರಿಂದ 7.2 ಮೆಗಾಹರ್ಟ್ಸ್ ನಡುವೆ ಎಲ್‌ಎಸ್‌ಬಿ (ಕೆಳಬದಿ ಪಟ್ಟಿ) ಇಟ್ಟು ಭಾರತದ ನೆಟ್‌ಗಳನ್ನು ಹುಡುಕಿ. ಯುಎಸ್‌ಬಿಯಲ್ಲಿಟ್ಟರೆ (ಮೇಲುಬದಿ ಪಟ್ಟಿ) ಬಾತುಕೋಳಿ ಮಾತಾಡಿದ ಹಾಗಿರುತ್ತದೆ, ಬ್ಯಾಂಡೇ ಸರಿ ಇಲ್ಲ ಅಂದುಕೊಳ್ಳಬೇಡಿ. ಕೇಳಿದ ಕಾಲ್‌ಸೈನ್, ಹೊತ್ತು, ಫ್ರೀಕ್ವೆನ್ಸಿ, ಸಿಗ್ನಲ್ ವರದಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಮುಂದೆ ಲಾಗ್ ಹೇಗೂ ಬರೆಯಲೇಬೇಕು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 145.800 ಮೆಗಾಹರ್ಟ್ಸ್ ಕೂಡ ಒಳ್ಳೆಯ ಪಾಠ. ನಿಲ್ದಾಣ ನೆತ್ತಿ ಮೇಲೆ ಹಾದು ಹೋಗಲು ಹೆಚ್ಚೆಂದರೆ 10 ನಿಮಿಷ. ಡಾಪ್ಲರ್ ಪರಿಣಾಮದಿಂದಾಗಿ (ನಿಲ್ದಾಣ ಹತ್ತಿರ ಬರುವ, ದೂರ ಹೋಗುವ ವೇಗದಿಂದ) ಹುಟ್ಟುವಾಗ ಫ್ರೀಕ್ವೆನ್ಸಿ ಮೂರೂವರೆ ಕಿಲೋಹರ್ಟ್ಸ್ ಮೇಲಿರುತ್ತದೆ, ಮುಳುಗುವಾಗ ಅಷ್ಟೇ ಕೆಳಗೆ. ಎಸ್‌ಎಸ್‌ಟಿವಿ ಚಿತ್ರ (ಶಬ್ದವಾಗಿ ಬರುವ ಸ್ಥಿರಚಿತ್ರ) ಕಳಿಸುವ ದಿನಗಳಲ್ಲಿ ಫೋನಿನ ಆ್ಯಪ್ ತೆರೆದು ಸ್ಪೀಕರ್ ಹತ್ತಿರ ಹಿಡಿದರೆ ಎರಡು ನಿಮಿಷಕ್ಕೆ ಒಂದು ಚಿತ್ರ ಮೂಡುತ್ತದೆ.

ಜೋಗಿಮಟ್ಟಿ ಗಾಳಿ | ಭಾನುವಾರ, ಬೆಳಿಗ್ಗೆ 11:30
ಡೈಪೋಲ್ ಪ್ರಶ್ನೆಗೆ: ನೇರಕ್ಕೆ ಹಿಡಿಸಲ್ಲ, ಬಗ್ಗಿಸಿದರೆ ಹಿಡಿಸುತ್ತದೆ.

ಡೈಪೋಲ್ ಉದ್ದ ತೆಗೆಯುವ ಅಂಕಿ 143, ಅದನ್ನು 7.1 ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ 20.14 ಮೀಟರ್, ಒಂದೊಂದು ಕೈಗೆ ಸುಮಾರು 10. ನಿಮ್ಮ ಸೈಟಿನ ಮೂಲೆಯಿಂದ ಮೂಲೆಗೆ 50 ಅಡಿ, ಅಂದರೆ 15.2 ಮೀಟರ್. ಮನೆ 7 ಮೀಟರ್, ಅದರ ಮೇಲೆ 2 ಮೀಟರ್ ಜಿಐ ಪೈಪ್, ನೆತ್ತಿ 9 ಮೀಟರ್‌ಗೆ ಬಂತು. ತುದಿಗಳನ್ನು 3 ಮೀಟರ್ ಎತ್ತರಕ್ಕೆ ಇಳಿಸಿ ತಲೆಕೆಳಗಾದ 'ವಿ' ಆಕಾರ ಮಾಡಿದರೆ ಒಂದೊಂದು ಕೈ ನೆಲದ ಮೇಲೆ 8 ಮೀಟರ್ ಜಾಗ ತಿನ್ನುತ್ತದೆ. ಒಟ್ಟು 16. ಮುಕ್ಕಾಲು ಮೀಟರ್‌ನಷ್ಟು ಹೆಚ್ಚಾಯಿತು. ಎರಡೂ ಕಡೆ ಕೊನೆಯ ಒಂದು ಮೀಟರನ್ನು ಕಾಂಪೌಂಡ್ ಉದ್ದಕ್ಕೆ ತಿರುಗಿಸಿ. ಕರೆಂಟ್ ಹೆಚ್ಚಿರುವುದು ನಡುವೆ, ಹಾಗಾಗಿ ತುದಿ ಬಗ್ಗಿದರೆ ನಷ್ಟ ಕಡಿಮೆ. ವೋಲ್ಟೇಜ್ ಹೆಚ್ಚಿರುವುದು ಮಾತ್ರ ತುದಿಯಲ್ಲೇ. ಬಟ್ಟೆ ಒಣಗಿಸುವವರ ಕೈಗೆ ಎಟುಕಬಾರದು.

ಮನೆ ವೈರಿಂಗ್‌ನ 1.5 ಸ್ಕ್ವೇರ್ ಎಂಎಂ ತಂತಿ ಸಾಕು. ಮೇಲಿನ ಪ್ಲಾಸ್ಟಿಕ್ ಹೊದಿಕೆಯಿಂದ ತಂತಿ ವಿದ್ಯುತ್ ಲೆಕ್ಕದಲ್ಲಿ ಉದ್ದವಾಗಿ ವರ್ತಿಸುತ್ತದೆ, ಕೊನೆಗೆ 3ರಿಂದ 5 ಪರ್ಸೆಂಟ್ ಚಿಕ್ಕದು ಮಾಡಬೇಕಾಗುತ್ತದೆ. ಕೈಗೆ 10.3 ಮೀಟರ್ ಇಟ್ಟು ಶುರು ಮಾಡಿ. ಕತ್ತರಿಸಬೇಡಿ, ತುದಿ ಹಿಂದಕ್ಕೆ ಮಡಚಿ ತಂತಿಗೇ ಸುತ್ತಿ. ಎರಡೂ ಕಡೆ 10 ಸೆಂ.ಮೀ. ಮಡಚಿದರೆ ಸುಮಾರು 70 ಕಿಲೋಹರ್ಟ್ಸ್ ಮೇಲೇರುತ್ತದೆ. ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಇದ್ದರೆ ಓಪನ್, ಶಾರ್ಟ್, ಲೋಡ್ ಮೂರೂ ಕ್ಯಾಲಿಬ್ರೇಟ್ ಮಾಡಿ ಆಮೇಲೆ ಅಳೆಯಿರಿ. ಹಾಗೇ ಅಳೆದು "ಆಂಟೆನಾ ಸರಿ ಇಲ್ಲ" ಅನ್ನುವವರು ತುಂಬ. 40 ಮೀಟರ್‌ಗೆ ಆರ್‌ಜಿ-58 ಪರವಾಗಿಲ್ಲ, 20 ಮೀಟರ್ ಎಳೆದರೂ ನಷ್ಟ ಒಂದು ಡೆಸಿಬೆಲ್ ಒಳಗೇ.

ಫೀಡ್ ಬಿಂದುವಿನಲ್ಲಿ (ಕೇಬಲ್ ಆಂಟೆನಾಗೆ ಸೇರುವ ಕಡೆ) ಚೋಕ್ ಹಾಕಿ, 31ನೇ ಮಿಕ್ಸ್ ಅನ್ನುವ ಬಗೆಯ ದೊಡ್ಡ ಫೆರೈಟ್ ರಿಂಗ್ ಮೇಲೆ ಕೇಬಲ್ 10–12 ಸುತ್ತು. ಇಲ್ಲದಿದ್ದರೆ ಕೇಬಲ್ ಹೊರಮೈಯಲ್ಲೂ ಆರ್‌ಎಫ್ (ರೇಡಿಯೋ ಶಕ್ತಿ) ಹರಿದು ಮೈಕ್ ಮುಟ್ಟಿದರೆ ಚುರ್ ಅನ್ನುತ್ತದೆ, ಮಾತು ಒಡೆಯುತ್ತದೆ.

ಪೈಪ್ ಎತ್ತುವಾಗ ಬೆಸ್ಕಾಂ ತಂತಿ ಎಲ್ಲಿದೆ ನೋಡಿ. ಪೈಪ್ ಯಾವ ಕಡೆ ಬಿದ್ದರೂ ತಾಗದಷ್ಟು, ಅದರ ಉದ್ದದ ಒಂದೂವರೆ ಪಟ್ಟು ದೂರ ಇರಲಿ. ಇದರಲ್ಲಿ ಹೊಂದಾಣಿಕೆ ಇಲ್ಲ.

ಡಿಟ್‌ಡಾ | ಭಾನುವಾರ, ಮಧ್ಯಾಹ್ನ 1:10
ಎಲ್ಲ ಸರಿ. ಆದರೆ ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಬಾರದೆ ಹ್ಯಾಮ್ ಅನ್ನಿಸಿಕೊಳ್ಳುವುದು ಹೇಗೆ? ಹೊಸಬರು ವಿಯು3, ಅಂದರೆ ಮೋರ್ಸ್ ಪರೀಕ್ಷೆ ಇಲ್ಲದ ರಿಸ್ಟ್ರಿಕ್ಟೆಡ್ ಗ್ರೇಡ್ ತಗೊಂಡು ಅಲ್ಲೇ ನಿಲ್ಲುತ್ತಾರೆ. ಅದರ ಮೇಲಿನ ಜನರಲ್ ಗ್ರೇಡ್‌ಗೆ ಕೇಳುವುದು ನಿಮಿಷಕ್ಕೆ ಬರೀ 8 ಪದ. ಅಷ್ಟಕ್ಕೂ ಕಷ್ಟಪಡದವರನ್ನು ನೆಟ್‌ನಲ್ಲಿ ತಲೆ ಮೇಲೆ ಕೂರಿಸಿಕೊಳ್ಳಬೇಕಾ?

ಖಾರಮಂಡಕ್ಕಿ73 | ಭಾನುವಾರ, ಮಧ್ಯಾಹ್ನ 1:25
ತಲೆ ಮ್ಯಾಗ ಬ್ಯಾಡ ಅಜ್ಜಾರ, ಪಕ್ಕದಾಗ ಕುಂದ್ರಿಸ್ಕಂಡ್ರೆ ಸಾಕು.

ಚಂದ್ರವಳ್ಳಿ | ಭಾನುವಾರ, ಮಧ್ಯಾಹ್ನ 2:05
ಡಿಟ್‌ಡಾ ಸಾರ್, ಎಚ್‌ಎಫ್‌ಗೆ (40 ಮೀಟರ್ ಥರದ ದೂರದ ಬ್ಯಾಂಡ್‌ಗಳಿಗೆ) ಮೋರ್ಸ್ ಕಡ್ಡಾಯ ಅನ್ನುವ ಷರತ್ತನ್ನು ಅಂತರರಾಷ್ಟ್ರೀಯ ಮಟ್ಟದಲ್ಲೇ 2003ರಲ್ಲಿ ಕೈಬಿಟ್ಟರು. ರಿಸ್ಟ್ರಿಕ್ಟೆಡ್ ಗ್ರೇಡ್ ಅರ್ಧ ಪರವಾನಗಿ ಅಲ್ಲ. 12 ವರ್ಷದ ಮಕ್ಕಳೂ ಬರೆಯಬಹುದಾದ ಪರೀಕ್ಷೆ ಅದು, ಅವರ ಮುಂದೆ "ನೀನಿನ್ನೂ ಪೂರ್ತಿ ಹ್ಯಾಮ್ ಅಲ್ಲ" ಅಂದರೆ ಮಗು ಮೊಬೈಲ್ ಗೇಮ್‌ಗೆ ವಾಪಸ್ ಹೋಗುತ್ತದೆ. ನಿಮ್ಮ ಮೋರ್ಸಿನಲ್ಲೇ ಕ್ಯೂಆರ್‌ಎಸ್ ಅಂತ ಇದೆ, "ನಿಧಾನ ಕಳಿಸಿ" ಅಂತ ಅದರ ಅರ್ಥ. ಅದನ್ನು ಕೇಳಿದವರು ವೇಗ ಇಳಿಸಲೇಬೇಕು ಅನ್ನುವುದು ನಿಮ್ಮವರದೇ ಶಿಷ್ಟಾಚಾರ ಅಲ್ಲವೇ? ಮಾತಿನ ನೆಟ್‌ಗೂ ಅದೇ ಬೇಕು.

ನೆಟ್ ಕಂಟ್ರೋಲ್ ಮಾಡುವವರು ಮಾಡಬೇಕಾದ್ದು ಹೇಳುತ್ತೇನೆ. ಶುರುವಿನಲ್ಲೇ "ಮೊದಲ ಸಲ ಬರುವವರು ಯಾರಾದರೂ ಇದ್ದೀರಾ" ಅಂತ ಕೇಳಿ, ಪೂರ್ತಿ 5 ಸೆಕೆಂಡ್ ಸುಮ್ಮನಿರಿ. ಹೊಸಬರು ಒತ್ತಲೋ ಬೇಡವೋ ಅಂತ ಯೋಚಿಸುವಷ್ಟರಲ್ಲಿ ಹಳಬರು ನುಗ್ಗಿಬಿಡುತ್ತಾರೆ. ಅವರ ಕಾಲ್‌ಸೈನನ್ನು ನೀವೇ ಫೋನೆಟಿಕ್‌ನಲ್ಲಿ (ವಿಕ್ಟರ್, ಯೂನಿಫಾರ್ಮ್ ಅಂತ) ಮರಳಿ ಹೇಳಿ, ಆಗ ಅವರಿಗೂ ಅಭ್ಯಾಸ ಆಗುತ್ತದೆ. ಎಲ್ಲರಿಗೂ ಕಣ್ಣು ಮುಚ್ಚಿ "ಫೈವ್ ನೈನ್" (ಸ್ಪಷ್ಟತೆಗೆ ಐದಕ್ಕೆ ಐದು, ಸಿಗ್ನಲ್ ಬಲಕ್ಕೆ ಒಂಬತ್ತಕ್ಕೆ ಒಂಬತ್ತು) ಕೊಡಬೇಡಿ. ಅದು ಮರ್ಯಾದೆ ಅಲ್ಲ, ಉದಾಸೀನ. "ನಾಲ್ಕು-ಐದು ಇದ್ದೀರಿ, ದನಿ ಒಡೆಯುತ್ತಿದೆ, ಮೈಕ್ ಬಾಯಿಂದ 5 ಸೆಂ.ಮೀ. ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ" ಅಂದರೆ ಅವರಿಗೆ ಉಪಯೋಗ.

ಆಂಟೆನಾ ಹೊಂದಿಸಲು ಟ್ಯೂನರ್ ಒತ್ತುವವರಿಗೆ ನೆಟ್ ಫ್ರೀಕ್ವೆನ್ಸಿಯಿಂದ ಕನಿಷ್ಠ 5 ಕಿಲೋಹರ್ಟ್ಸ್ ಆಚೆ ಖಾಲಿ ಜಾಗ ನೋಡಿ ಒತ್ತಲು ಹೇಳಿ. ಬೈಯಬೇಡಿ, ಅದು ಪುಸ್ತಕದಲ್ಲಿ ಇರುವ ವಿಷಯವಲ್ಲ.

ಹೆಣ್ಣು ದನಿ ಬಂದರೆ ಆ ದನಿಯ ಬಗ್ಗೆ ಮಾತು ಬೇಡ. "ಓಹೋ, ವೈಎಲ್ (ಹ್ಯಾಮ್ ಭಾಷೆಯಲ್ಲಿ ಹೆಣ್ಣು) ಬಂದ್ರು" ಅಂತ ನಾಲ್ಕು ಜನ ಒಟ್ಟಿಗೆ ಕರೆಯುವುದೂ ಬೇಡ. ಬೇರೆಯವರಿಗೆ ಕೇಳುವುದನ್ನೇ ಕೇಳಿ: ಊರು, ರಿಗ್ (ರೇಡಿಯೋ ಸೆಟ್), ಆಂಟೆನಾ. ಮನೆ ವಿಳಾಸ ಗಾಳಿಯಲ್ಲಿ ಕೇಳಲೇಬೇಡಿ, ಊರಿನ ಹೆಸರು ಸಾಕು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಪೋರ್ಟ್‌ಬ್ಲೇರ್‌ನಿಂದ ಸುದ್ದಿ ದಾಟಿಸಿದ್ದು ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ. ಆ ದಿನ ಯಾರೂ ದನಿಯ ಬಗ್ಗೆ ಮಾತಾಡಿರಲಿಕ್ಕಿಲ್ಲ.

ಡಿಟ್‌ಡಾ | ಭಾನುವಾರ, ಮಧ್ಯಾಹ್ನ 2:50
ಕ್ಯೂಆರ್‌ಎಸ್ ಮಾತು ಒಪ್ಪಿದೆ ಮೇಡಂ. ಆದರೆ ಕಲಿಯುವವರಿಗೆ ಒಂದು ಎಚ್ಚರಿಕೆ: 8 ಪದದ ವೇಗದಲ್ಲೇ ಅಕ್ಷರ ಕಲಿಯಬೇಡಿ. ಆ ವೇಗದಲ್ಲಿ ಒಂದು ಡಿಟ್ (ಚುಕ್ಕೆ) 150 ಮಿಲಿಸೆಕೆಂಡ್, ಮನಸ್ಸು ಚುಕ್ಕೆ-ಗೆರೆ ಎಣಿಸಲು ಕೂರುತ್ತದೆ. ಅಕ್ಷರ 18–20 ಪದದ ವೇಗದಲ್ಲಿರಲಿ, ನಡುವಿನ ಅಂತರ ಮಾತ್ರ ಹಿಗ್ಗಿಸಿ. ದಿನಕ್ಕೆ 15 ನಿಮಿಷದ ಎರಡು ಪಾಠ. ಮೊದಲು ಎರಡೇ ಅಕ್ಷರ. ನೂರಕ್ಕೆ ತೊಂಬತ್ತು ಸರಿ ಬಂದ ಮೇಲೆ ಮೂರನೆಯದು. ಗೋಡೆಗೆ ಚಾರ್ಟ್ ಅಂಟಿಸಿ ಕಣ್ಣಲ್ಲಿ ಕಲಿತವರು ಪರೀಕ್ಷೆಯಲ್ಲಿ ಕಿವಿಗೆ ಬಿದ್ದಾಗ ತಬ್ಬಿಬ್ಬಾಗುತ್ತಾರೆ. ವಾರಕ್ಕೊಂದು ಸಂಜೆ ನಿಧಾನದ ಮೋರ್ಸ್ ಕಳಿಸುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ.

ಹೊಸ ಕಿವಿ | ಭಾನುವಾರ, ಸಂಜೆ 4:15
40 ಮೀಟರ್‌ನಲ್ಲಿ ಹಗಲು ಬೆಂಗಳೂರು ಚೆನ್ನಾಗಿ ಕೇಳುತ್ತೆ, ರಾತ್ರಿ ಅದೇ ಸ್ಟೇಷನ್ ಮಾಯ ಅಂತಾರಲ್ಲ, ಆಂಟೆನಾ ತಪ್ಪೋ ಏನು?

ಜೋಗಿಮಟ್ಟಿ ಗಾಳಿ | ಭಾನುವಾರ, ಸಂಜೆ 4:40
ಆಂಟೆನಾ ತಪ್ಪಲ್ಲ, ಆಕಾಶದ್ದು. ಹತ್ತು ಮೀಟರ್ ಎತ್ತರದ ಡೈಪೋಲ್ ಹೆಚ್ಚಿನ ಶಕ್ತಿಯನ್ನು ಮೇಲಕ್ಕೇ ಎರಚುತ್ತದೆ. ಹಗಲು ಅಯಾನುಗೋಳದ ಎಫ್2 ಪದರ ಗಟ್ಟಿಯಾಗಿರುತ್ತದೆ, ನೆಟ್ಟಗೆ ಹೋದ 7 ಮೆಗಾಹರ್ಟ್ಸ್ ಕೊಡೆ ತಾಗಿದ ಮಳೆಯಂತೆ ಸುತ್ತ 400–500 ಕಿ.ಮೀ.ಗೆ ವಾಪಸ್ ಬೀಳುತ್ತದೆ. ರಾತ್ರಿ ಆ ಪದರ ತೆಳ್ಳಗಾಗಿ ಅದರ ನಿರ್ಣಾಯಕ ಫ್ರೀಕ್ವೆನ್ಸಿ (ನೆಟ್ಟಗೆ ಹೋದದ್ದನ್ನು ವಾಪಸ್ ಕಳಿಸುವ ಮೇಲ್ಮಿತಿ) 7 ಮೆಗಾಹರ್ಟ್ಸ್‌ಗಿಂತ ಕೆಳಗೆ ಇಳಿದರೆ ನೆಟ್ಟಗೆ ಹೋದದ್ದು ತೂರಿ ಆಚೆ ಹೋಗುತ್ತದೆ, ಓರೆಯಾಗಿ ಹೋದದ್ದು ಮಾತ್ರ ತಿರುಗುತ್ತದೆ. ಆಗ ಬೆಂಗಳೂರು ಮೂಕ, ಸಾವಿರಾರು ಕಿ.ಮೀ. ಆಚೆಯವರು ಕಿವಿ ಪಕ್ಕದಲ್ಲಿ. ರಾತ್ರಿ 9ಕ್ಕೆ ಹತ್ತಿರದವರನ್ನು ಕೂಗಿ ಉತ್ತರ ಬರಲಿಲ್ಲ ಅಂತ ಮುನಿಸಿಕೊಂಡರೆ ಮುನಿಸು ಸೂರ್ಯನ ಮೇಲಿರಲಿ.

 

ಗಾಜಿನಮನೆ ಆಂಟೆನಾ | ಭಾನುವಾರ, ಸಂಜೆ 5:30
ಇನ್ನೊಂದು ಕಳ್ಳ: ಮನೆಯೊಳಗಿನ ಗದ್ದಲ. ಎಲ್‌ಇಡಿ ಬಲ್ಬ್, ಬಿಎಲ್‌ಡಿಸಿ ಫ್ಯಾನ್, ಸೋಲಾರ್ ಇನ್ವರ್ಟರ್, ಲ್ಯಾಪ್‌ಟಾಪ್ ಚಾರ್ಜರ್ ಇವೆಲ್ಲ 7 ಮೆಗಾಹರ್ಟ್ಸ್‌ನಲ್ಲಿ ಗುಂಯ್ ಅನ್ನುತ್ತವೆ. ಸಿಗ್ನಲ್ ಬಲ ತೋರಿಸುವ ಎಸ್ ಮೀಟರ್‌ನಲ್ಲಿ ನಿಮ್ಮ ಕಡೆ ಗದ್ದಲ ಎಸ್7 ಇದ್ದರೆ ಎಸ್5ರಲ್ಲಿ ಉತ್ತರಿಸಿದವರು ನಿಮಗೆ ಕೇಳುವುದೇ ಇಲ್ಲ, ಅವರು ಮಾತ್ರ "ಕೂಗ್ತಾನೆ, ಉತ್ತರ ಕೊಟ್ರೆ ತಿರುಗಿ ನೋಡಲ್ಲ" ಅಂದುಕೊಳ್ಳುತ್ತಾರೆ. ರಿಸೀವರನ್ನು 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಗೆ ಹಾಕಿ, ಮನೆಯ ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತಾ ಎಸ್ ಮೀಟರ್ ನೋಡಿ. ಯಾವುದು ಇಳಿಸಿದಾಗ ಮುಳ್ಳು ಬೀಳುತ್ತದೋ ಕಳ್ಳ ಆ ಸರ್ಕ್ಯೂಟ್‌ನಲ್ಲಿ ಇದ್ದಾನೆ. ಎಲ್ಲ ಇಳಿಸಿದರೂ ಹೋಗಲಿಲ್ಲವೆಂದರೆ ಪಕ್ಕದ ಮನೆ. ಅಲ್ಲಿಗೆ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಹೋಗಿ, ಮೀಟರ್ ಹಿಡಿದು ಹೋಗಬೇಡಿ.

ಚಂದ್ರವಳ್ಳಿ | ಭಾನುವಾರ, ಸಂಜೆ 6:20
ಕನ್ನಡದಲ್ಲೇ ಒಂದು ನೆಟ್ ಇರಲಿ ಅನ್ನುವುದು ನನ್ನ ಸಲಹೆ. ಕಾಲ್‌ಸೈನ್, ಫೋನೆಟಿಕ್, ಕ್ಯೂ ಕೋಡ್ ಇದ್ದ ಹಾಗೇ ಇರಲಿ, ಉಳಿದ ಮಾತು ಕನ್ನಡ. ಇಂಗ್ಲಿಷ್ ತೊಡರುತ್ತದೆ ಅಂತಲೇ ಪಿಟಿಟಿ ಒತ್ತದವರು ಬಹಳ. ಬೇರೆ ರಾಜ್ಯದವರು ಬಂದರೆ ಅವರ ಸರದಿಗೆ ಭಾಷೆ ಬದಲಾಯಿಸಿಕೊಂಡರಾಯಿತು.

ಹೊಸಬರ ಕೈಗೆ ಕೆಲಸವನ್ನೂ ಕೊಡಬೇಕು. ಬರೀ ಉಪನ್ಯಾಸಕ್ಕೆ ಕರೆದರೆ ಎರಡನೇ ವಾರ ಬರಲ್ಲ.

ಡಿಟ್‌ಡಾ | ಭಾನುವಾರ, ಸಂಜೆ 6:45
ಹಾಗಾದರೆ ಡಮ್ಮಿ ಲೋಡ್ (ಗಾಳಿಗೆ ಸಿಗ್ನಲ್ ಬಿಡದೆ ರೇಡಿಯೋ ಪರೀಕ್ಷಿಸುವ ಸುಳ್ಳು ಆಂಟೆನಾ) ಕಟ್ಟಿಸಿ. 1 ಕಿಲೋಓಮ್, 1 ವ್ಯಾಟಿನ ರೆಸಿಸ್ಟರ್ 20, ಎಲ್ಲ ಸಮಾನಾಂತರ. 50 ಓಮ್, 20 ವ್ಯಾಟ್. ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ಇರಲಿ, ವೈರ್‌ವೌಂಡ್ ಬೇಡ, ಅದು ಕಾಯಿಲ್ ಆಗಿಬಿಡುತ್ತದೆ. ಮಲ್ಟಿಮೀಟರ್ 47.5ರಿಂದ 52.5 ಒಳಗೆ ತೋರಿಸಬೇಕು. 53ರ ಆಸುಪಾಸು ಬಂದರೆ ಒಂದು ಬೆಸುಗೆ ಹಿಡಿದಿಲ್ಲ ಅಂತ ಅರ್ಥ. ರೆಸಿಸ್ಟರ್ ಕಾಲು 5 ಮಿ.ಮೀ.ಗೆ ಕತ್ತರಿಸಿ, ಉದ್ದ ಬಿಟ್ಟರೆ 145ರಲ್ಲಿ ಲೆಕ್ಕ ತಪ್ಪುತ್ತದೆ. ಬೆಸುಗೆ ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ, ನಲವತ್ತು ಜೋಡಣೆ ಕೈಗೆ ಸಿಗುತ್ತವೆ.

ಅದಾದ ಮೇಲೆ ಹೈದರಾಬಾದಿನ ಅಶರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ (ಮನೆಯಲ್ಲೇ ಕಟ್ಟಬಹುದಾದ ಎಚ್‌ಎಫ್ ರೇಡಿಯೋ) ಥರದ ಸರ್ಕ್ಯೂಟ್‌ಗೆ ಹೋಗಬಹುದು. ಅದರ ಐಆರ್‌ಎಫ್510 ಟ್ರಾನ್ಸಿಸ್ಟರ್‌ಗಳ ಬಯಾಸ್ (ಸುಮ್ಮನಿದ್ದಾಗಲೂ ಹರಿಯುವ ಕರೆಂಟ್ ಹೊಂದಿಸುವ) ತಿರುಪನ್ನು ಪೂರ್ತಿ ಕೆಳಗಿಟ್ಟು ಶುರು ಮಾಡಿ, ಮೀಟರ್ ನೋಡುತ್ತಾ ಕೂದಲೆಳೆಯಷ್ಟು ತಿರುಗಿಸಿ. ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾದರೆ ಜಾಸ್ತಿ ತಿರುಗಿಸಿದ್ದೀರಿ.

ಖಾರಮಂಡಕ್ಕಿ73 | ಭಾನುವಾರ, ಸಂಜೆ 7:10
ಮುಂದಿನ ಭಾನುವಾರಕ್ಕ ಹತ್ತು ಜನ ಅಂದ್ರ ಲೆಕ್ಕ ಇಷ್ಟು: ರೆಸಿಸ್ಟರ್ 220 (ಇಪ್ಪತ್ತು ಕಳಿಯೋವು, ಸುಡೋವು), ಎಸ್‌ಒ-239 ಇಪ್ಪತ್ತು, ತಾಮ್ರದ ತಂತಿ 30 ಮೀಟರ್, ಸೋಲ್ಡರಿಂಗ್ ಐರನ್ 5. ಎಸ್‌ಒ-239 ಹಿತ್ತಾಳೆ ಮೈಗೆ 25 ವ್ಯಾಟಿನ ಐರನ್ ಸಾಲಂಗಿಲ್ಲ, 60 ವ್ಯಾಟಿಂದು ಎರಡಾದ್ರೂ ಇರ್ಲಿ. ಇಬ್ಬರಿಗೊಂದು ಟೇಬಲ್ಲು, ಒಬ್ಬ ಹಳಬ, ಒಬ್ಬ ಹೊಸಬ. ಹಳಬ ಐರನ್ ಮುಟ್ಟಂಗಿಲ್ಲ, ಬಾಯಾಗ ಮಾತ್ರ ಹೇಳ್ಬೇಕು.

ಹೊಸ ಕಿವಿ | ಭಾನುವಾರ, ಸಂಜೆ 7:30
ನಾನು ಬರ್ತೀನಿ. ಕೊನೆಯ ಪ್ರಶ್ನೆ: ದುರ್ಗದಲ್ಲಿ ಕೋಟೆ ಕಡೆ ಮನೆ, ಕೋತಿಗಳು ತಂತಿ ಜಗ್ಗುತ್ತವೆ. ಏನು ಮಾಡೋದು?

ಜೋಗಿಮಟ್ಟಿ ಗಾಳಿ | ಭಾನುವಾರ, ಸಂಜೆ 7:50
ತುದಿಯನ್ನು ಗೋಡೆಗೆ ಬಿಗಿಯಾಗಿ ಕಟ್ಟಬೇಡಿ. ಹಗ್ಗವನ್ನು ರಾಟೆ ಮೇಲೆ ಹಾಯಿಸಿ, ಮರಳು ತುಂಬಿದ 2 ಲೀಟರ್ ಬಾಟಲಿ ನೇತುಹಾಕಿ. ಕೋತಿ ಜೋತುಬಿದ್ದರೆ ಬಾಟಲಿ ಮೇಲೇಳುತ್ತದೆ, ಬಿಟ್ಟಾಗ ಇಳಿಯುತ್ತದೆ, ತಂತಿ ತುಂಡಾಗಲ್ಲ. ಫೀಡ್ ಬಿಂದುವಿನಲ್ಲಿ ಕೇಬಲ್ಲಿನ ಭಾರ ಬೆಸುಗೆ ಮೇಲೆ ಬೀಳದ ಹಾಗೆ ಪಿವಿಸಿ ತುಂಡಿಗೆ ಎರಡು ಕಡೆ ಟೈ ಹಾಕಿ. ಮುಂಗಾರಿಗೆ ಮುಂಚಿನ ಗುಡುಗು ಶುರುವಾದರೆ ಕೇಬಲ್ ರೇಡಿಯೋದಿಂದ ಬಿಚ್ಚಿ ಕಿಟಕಿಯಾಚೆ ಇಡಿ. ಸ್ವಿಚ್ ಆರಿಸಿದರೆ ಸಾಲದು. ಬಾಟಲಿಗೆ ಬಿಸ್ಕತ್ ಬಣ್ಣದ ಮುಚ್ಚಳ ಬೇಡ, ಕೋತಿಗೆ ತಿಂಡಿ ಕಂಡಂತಾದೀತು.